ಅಣ್ಣೆಸೊಪ್ಪು ಗುರುತು ಹಿಡೀತೀರಾ?

ಮಳೆ ಬಿದ್ದಿದೆ, ರಾಗಿ ಹೊಲದಲ್ಲಿ ಕಳೆ ಎದ್ದಿದೆ. ಕೋಲಾರ, ತುಮಕೂರು ಕಡೆ ಅಜ್ಜಿಯರನ್ನ ಕೇಳಿ, ಅದರಲ್ಲೇ ಅರ್ಧದಷ್ಟು ರಾತ್ರಿಯ ಸಾರಿಗೆ ಆಗುತ್ತೆ ಅಂತಾರೆ!

ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು, ಬದುವಿನ ತೇವದಲ್ಲಿ ಹೊನಗೊನೆ. ಯಾರೂ ಬಿತ್ತಿದ್ದಲ್ಲ. ಕಳೆ ಕೀಳ್ತಾ ಕೀಳ್ತಾ ಒಂದೊಂದು ಹಿಡಿ ಮಡಿಲಿಗೆ. ಎಲ್ಲ ಸೇರಿದ್ರೆ ಬೆರಕೆಸೊಪ್ಪು. ಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ಮುದ್ದೆಗೆ ಬೇರೇನೂ ಬೇಡ.

ಮಕ್ಕಳಿಗೆ ಈ ಸೊಪ್ಪುಗಳ ಗುರುತು ಕಲಿಸೋದು ಹೇಗೆ? ಫೋನಲ್ಲಿ ಫೋಟೊ ತೋರಿಸಿದ್ರೆ ಸಾಲದು. ಅಣ್ಣೆಸೊಪ್ಪಿನ ಫೋಟೊ ಹುಡುಕಿ ನೋಡಿ, ಕಣ್ಣಿಗೆ ಬೀಳೋದು ಅದರ ಬಿಳಿ-ಗುಲಾಬಿ ತೆನೆ. ಹೂ ಬಂತು ಅಂದ್ರೆ ಸೊಪ್ಪು ಬಲಿತು ನಾರಾಯ್ತು. ಅಡುಗೆಗೆ ಬೇಕಾದ್ದು ಹೂವಿಗೆ ಮುಂಚಿನ ಎಳೆ ಕುಡಿ. ಆಗ ಅದು ಪಕ್ಕದ ಗಿಡಗಳ ಹಾಗೇ ಕಾಣುತ್ತೆ, ಅದೇ ಕಷ್ಟ! ಉಗುರಲ್ಲಿ ಚಿವುಟಿದ್ರೆ ಪಟ್ ಅಂತ ಮುರೀಬೇಕು. ಇದನ್ನ ಬೆರಳೇ ಕಲೀಬೇಕು.

ಈ ಸಲ ಊರಿಗೆ ಹೋದಾಗ ಮಗೂನ ಅಜ್ಜಿ ಜೊತೆ ಹೊಲಕ್ಕೆ ಕಳಿಸಿ. ಅಜ್ಜಿ ತೋರಿಸಿದ್ದನ್ನ ಮಾತ್ರ ಕೀಳಲಿ, ಗೊತ್ತಿಲ್ಲದ ಸೊಪ್ಪು ಬಾಯಿಗೆ ಬೇಡ. ಅದಕ್ಕೂ ಮೊದಲು ಒಂದು ಮಾತು ಕೇಳಿ: ಹೊಲಕ್ಕೆ ಕಳೆನಾಶಕ ಹೊಡೆದಿದ್ದಾರಾ? ಹೌದು ಅಂದ್ರೆ, ಬೇರೆ ಹೊಲ ನೋಡ್ಕೊಳ್ಳಿ.