ವಿಮಾನದ ಕೀಲು ಸವೆದರೆ?

ವಿಮಾನವೆಲ್ಲ ಕಾರ್ಖಾನೆಯಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಸಾವಿರಾರು ಹವ್ಯಾಸಿಗಳು ಬಿಡಿಭಾಗಗಳನ್ನು ತರಿಸಿ, ಮನೆಯಲ್ಲಿಯೇ ಜೋಡಿಸಿ, ತಪಾಸಣೆಯ ಬಳಿಕ ಹಾರಿಸುತ್ತಾರೆ. ಇಂತಹ ವಿಮಾನದ ಆರೋಗ್ಯದ ಹೊಣೆ ಬಹುಮಟ್ಟಿಗೆ ಕಟ್ಟಿದವನದೇ. ಅವನು ಎಂದೂ ಅಲಕ್ಷಿಸಬಾರದ ಅಂಗವೊಂದುಂಟು, ಅದೇ ಕೀಲು.

ರೆಕ್ಕೆಯ ಹಿಂದಂಚಿನ ಏಲರಾನ್ ವಿಮಾನವನ್ನು ಪಕ್ಕಕ್ಕೆ ವಾಲಿಸುತ್ತದೆ. ಬಾಲದ ಎಲಿವೇಟರ್ ಮೂತಿಯನ್ನು ಏರಿಳಿಸುತ್ತದೆ. ಚುಕ್ಕಾಣಿ ಎಡಬಲಕ್ಕೆ ಹೊರಳಿಸುತ್ತದೆ. ಈ ಮೂರೂ ಬಾಗಿಲಿನಂತೆ ಕೀಲಿನ ಮೇಲೆ ತಿರುಗುವ ಹಲಗೆಗಳು. ಎಂಜಿನ್ನಿನ ಅದುರು, ಧೂಳು, ಬಯಲಿನಲ್ಲಿ ನಿಂತಾಗ ಬೀಸುವ ಗಾಳಿಯ ಬಡಿತ, ಇವುಗಳಿಂದ ಕೀಲಿನ ಸರಳೂ ಅದು ಕುಳಿತ ತೂತೂ ಸವೆಯುತ್ತವೆ. ದುಂಡಗಿದ್ದ ತೂತು ಮೊಟ್ಟೆಯಾಕಾರ ತಾಳುತ್ತದೆ.

ಇಷ್ಟು ಅಲ್ಪ ಸಡಿಲದಿಂದ ಆಗುವ ಕೇಡಾದರೂ ಏನು? ಕಡಿಮೆ ವೇಗದಲ್ಲಿ ಹಲಗೆ ನಡುಗಿದರೆ ಗಾಳಿಯೇ ಆ ನಡುಕವನ್ನು ಅಡಗಿಸುತ್ತದೆ. ಆದರೆ ಒಂದು ನಿರ್ಣಾಯಕ ವೇಗವನ್ನು ಮೀರಿದೊಡನೆ ರೆಕ್ಕೆಯ ಬಾಗುವಿಕೆಯೂ ಹಲಗೆಯ ಬಡಿತವೂ ಹೊಂದಿಕೊಂಡು, ಪ್ರತಿ ತೂಗಿನಲ್ಲಿಯೂ ಗಾಳಿಯಿಂದ ಶಕ್ತಿಯನ್ನು ಹೀರುತ್ತವೆ. ಇದು ಉಯ್ಯಾಲೆಯನ್ನು ಹೊರಗಿನವನೊಬ್ಬ ತಳ್ಳಿದಂತಲ್ಲ. ಉಯ್ಯಾಲೆ ತನ್ನ ಚಲನೆಯಿಂದಲೇ ತನ್ನನ್ನು ತಳ್ಳಿಕೊಂಡಂತೆ. ಇದಕ್ಕೆ ‘ಫ್ಲಟರ್’ ಎಂದು ಹೆಸರು. ಕ್ಷಣಮಾತ್ರದಲ್ಲಿ ಅದು ರೆಕ್ಕೆಯನ್ನೋ ಬಾಲವನ್ನೋ ಮುರಿಯಬಲ್ಲದು. ಹಲಗೆಯ ಹಿಡಿತ ಸಡಿಲವಾದರೆ ಈ ನಿರ್ಣಾಯಕ ವೇಗವು ಕೆಳಗಿಳಿಯಬಹುದು.

1916ರಲ್ಲಿಯೇ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಹೀಗೆ ಕಂಪಿಸಿತ್ತು. ಎಡ, ಬಲ ಎಲಿವೇಟರುಗಳ ನಡುವೆ ಬಿಗಿಯಾದ ಜೋಡಣೆ ಇಲ್ಲದಿರುವುದನ್ನು ಲ್ಯಾಂಚೆಸ್ಟರ್ ಗುರುತಿಸಿದನು. 2011ರಲ್ಲಿ ಅಮೆರಿಕದ ರೀನೋ ಪಂದ್ಯದಲ್ಲಿ ಹಳೆಯ ಮಸ್ಟಾಂಗ್ ವಿಮಾನವೊಂದು ಬಿದ್ದು 11 ಜನ ಮಡಿದರು. ಎಲಿವೇಟರಿನ ಪುಟ್ಟ ಟ್ರಿಮ್ ಪಟ್ಟಿಯ ಸ್ಕ್ರೂಗಳು ಸಡಿಲಗೊಂಡುದೇ ಫ್ಲಟರಿಗೆ ದಾರಿಯಾಯಿತೆಂದು ತನಿಖೆ ತಿಳಿಸಿತು.

ಈಗ ರೋಗಪರೀಕ್ಷೆ. ಒಬ್ಬನು ನಿಯಂತ್ರಣದಂಡವನ್ನು ಅಲುಗದಂತೆ ಹಿಡಿಯಲಿ. ಇನ್ನೊಬ್ಬನು ಹಲಗೆಯ ಹಿಂದಂಚನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಲಿ. ಅಂಚು ಅಲುಗಿತೆಂದ ಮಾತ್ರಕ್ಕೆ ಕೀಲೇ ಅಪರಾಧಿಯೆನ್ನಲಾಗದು. ಹಲಗೆಯನ್ನು ತಿರುಗಿಸುವ ತೋಳು 5 ಸೆಂ.ಮೀ. ಉದ್ದವಿದ್ದು, ಅದಕ್ಕೆ ಸೇರಿದ ತಳ್ಳುಗೋಲಿನ ಬೇರಿಂಗಿನಲ್ಲಿ 0.25 ಮಿ.ಮೀ. ಸಡಿಲವಿದೆಯೆನ್ನಿ. ಹಿಂದಂಚು ಕೀಲಿನಿಂದ 30 ಸೆಂ.ಮೀ. ದೂರವಿದ್ದರೆ, ಸನ್ನೆಯ ನಿಯಮದಂತೆ ಅದು ಆರು ಪಟ್ಟು, ಅಂದರೆ 1.5 ಮಿ.ಮೀ. ಆಡುತ್ತದೆ. ಕೀಲು ಮಾತ್ರ ನಿರ್ದೋಷಿ!

ಹಾಗಾದರೆ ಗುರುತಿಸುವುದೆಂತು? ಕೀಲಿನ ಎರಡು ಭಾಗಗಳಿಗೂ ತಾಗುವಂತೆ ಬೆರಳಿಟ್ಟು, ಕೀಲಿನ ಬಳಿಯಲ್ಲಿಯೇ ಹಲಗೆಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಒತ್ತಿ ನೋಡಬೇಕು. ಹಲಗೆ ಕೇವಲ ತಿರುಗಿದರೆ ದೋಷ ತಳ್ಳುಗೋಲಿನದು; ಕೀಲಿನ ಅಕ್ಷವೇ ಸ್ಥಳ ಬಿಟ್ಟು ಸರಿದರೆ ಸವೆತ ಕೀಲಿನದು. ಡಯಲ್ ಗೇಜ್ ಇಟ್ಟರೆ ಸರಿದ ದೂರವೂ ತಿಳಿಯುತ್ತದೆ. ಕಣ್ಣಿಗೂ ಸಾಕ್ಷಿ ಉಂಟು: ಅಲ್ಯೂಮಿನಿಯಂ ಉಜ್ಜಿದಲ್ಲಿ ಬೂದುಗಪ್ಪು ಪುಡಿ, ಉಕ್ಕು ಉಜ್ಜಿದಲ್ಲಿ ಕೆಂಗಂದು ಪುಡಿ.

ಸಡಿಲವು ತಯಾರಕರು ವಿಧಿಸಿದ ಮಿತಿಯನ್ನು ದಾಟಿದ್ದರೆ ಎಣ್ಣೆ ಬಿಟ್ಟು ಸಮಾಧಾನಪಡುವಂತಿಲ್ಲ. ಸವೆದ ಭಾಗವನ್ನು ಬದಲಿಸುವವರೆಗೆ ವಿಮಾನ ನೆಲದ ಮೇಲೆಯೇ ಇರಬೇಕು. ನೆಲದಲ್ಲಿ ಬೆರಳಿಗೆ ತಿಳಿಯುವ ದೋಷವನ್ನು ಆಕಾಶದಲ್ಲಿ ತಿದ್ದಲು ಸಮಯವಿರುವುದಿಲ್ಲ.