ಮಂಥರೆಯ ಗೂನು, ಮಂಟೇಸ್ವಾಮಿಯ ಹುಣ್ಣು

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಪಣಕಹಳ್ಳಿಯಂತಹ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಇಂತಹ ಊರಿನಲ್ಲಿ ಕಾಲಿನ ಬಲ ಕುಂದಿ ಹುಟ್ಟಿದ ಮಗುವಿಗೆ ನಾಲ್ಕು ಹೆಸರುಗಳು ಕಾದಿರುತ್ತವೆ. ತಮಿಳುನಾಡು ಸರ್ಕಾರದ ಕಾಗದದಲ್ಲಿ ಅದು ‘ಮಾಟ್ರುತ್ತಿರನಾಳಿ’, ಅಂದರೆ ಬೇರೊಂದು ಬಗೆಯ ಸಾಮರ್ಥ್ಯವುಳ್ಳ ವ್ಯಕ್ತಿ. ಗಡಿಯಾಚೆ ಚಾಮರಾಜನಗರದ ಕಚೇರಿಯಲ್ಲಿ ‘ವಿಕಲಚೇತನ’. ಕೇಂದ್ರ ಸರ್ಕಾರಕ್ಕೆ ‘ದಿವ್ಯಾಂಗ’. ಓಣಿಯಲ್ಲಿ ಮಾತ್ರ ‘ಕುಂಟ’.

ಮೊದಲ ಮೂರೂ ಪದಗಳು ಸದುದ್ದೇಶದಿಂದಲೇ ಹುಟ್ಟಿದವು. ತಮಿಳಿನಲ್ಲಿ ಹಿಂದೆ ಬಳಕೆಯಲ್ಲಿದ್ದ ‘ಊನಮುಟ್ರೋರ್’ ಎಂಬುದರ ಬದಲಿಗೆ ಹೊಸ ಪದವನ್ನು ರೂಢಿಗೆ ತಂದವರು ಮುಖ್ಯಮಂತ್ರಿಯಾಗಿದ್ದ ಎಂ. ಕರುಣಾನಿಧಿ. ‘ಊನ’ ಎಂಬುದು ಕನ್ನಡಿಗರಿಗೂ ಪರಿಚಿತವಾದ ಮಾತೇ; ಅದರ ನೋವೂ ಪರಿಚಿತವೇ. ‘ದಿವ್ಯಾಂಗ’ ಪದವನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ಡಿಸೆಂಬರಿನ ‘ಮನ್ ಕೀ ಬಾತ್’ನಲ್ಲಿ ಸೂಚಿಸಿದರು. ಆದರೆ ಅನೇಕ ಅಂಗವಿಕಲರ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ವಿಶ್ವಸಂಸ್ಥೆಯ ಸಂಬಂಧಪಟ್ಟ ಸಮಿತಿಯೂ 2019ರಲ್ಲಿ ಅದನ್ನು ವಿವಾದಾಸ್ಪದವೆಂದು ಗುರುತಿಸಿತು. ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು ಕೇಳುವವನಿಗೆ ದೈವತ್ವದಿಂದ ಆಗಬೇಕಾದುದೇನು ಎಂಬುದು ಅವರ ಪ್ರಶ್ನೆಯಾಗಿತ್ತು.

ಪದ ಬದಲಾದರೂ ಅದರ ಹಿಂದಿನ ಕಥೆ ಬದಲಾಗದಿದ್ದರೆ ಹೊಸ ಪದವೂ ಕೆಲವೇ ವರ್ಷಗಳಲ್ಲಿ ಬೈಗುಳವಾಗುತ್ತದೆ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆ, ‘ಕುಂಟು ನೆಪ’, ‘ಕುರುಡು ನಂಬಿಕೆ’ ಎಂಬ ನುಡಿಗಟ್ಟುಗಳು ಆ ಹಳೆಯ ಕಥೆಯ ಚೂರುಗಳೇ. ಆದುದರಿಂದ ನಿಘಂಟಿಗಿಂತ ಮೊದಲು ಕಥೆಯನ್ನು ಪರಿಶೀಲಿಸುವುದು ಅಗತ್ಯ.

ಮೆಚ್ಚಿದ ಕೃತಿಯ ಪಾತ್ರಗಳನ್ನು ಓದುಗರೇ ಎತ್ತಿಕೊಂಡು ಹೊಸ ಕಥೆ ಹೆಣೆಯುವುದನ್ನು ಇಂದು ‘ಫ್ಯಾನ್ ಫಿಕ್ಷನ್’ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಕನ್ನಡಕ್ಕೆ ಹಳೆಯದು. ಮೂಲ ಕವಿ ಅಂಚಿಗೆ ತಳ್ಳಿದ ಪಾತ್ರವನ್ನು ಅಭಿಮಾನದಿಂದಲೇ ನಡುಮನೆಗೆ ಕರೆತರುವುದು ಇದರ ಮುಖ್ಯ ಗುಣ. ವಾಲ್ಮೀಕಿ ರಾಮಾಯಣದ ಮಂಥರೆಗೆ ಗೂನು ಇದೆ, ಕುಟಿಲತೆ ಇದೆ. ಒಂದು ಇನ್ನೊಂದರ ಗುರುತು ಎಂಬಂತೆ ಲೋಕ ಓದಿಕೊಂಡಿತು. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಈ ಸಮೀಕರಣವನ್ನೇ ಮುರಿದರು. ಅಲ್ಲಿ ಅವಳಿಗೆ ಮೀಸಲಾದ ಸಂಚಿಕೆಯ ಹೆಸರು ‘ಮಮತೆಯ ಸುಳಿ ಮಂಥರೆ’. ಅರಮನೆಯ ಹೀಯಾಳಿಕೆಯ ನಡುವೆ ತನ್ನನ್ನು ಪ್ರೀತಿಸಿದವರ ಮೇಲಣ ಅತಿಮಮತೆಯೇ ಅವಳನ್ನು ದಾರಿ ತಪ್ಪಿಸುತ್ತದೆ. ಆಕೆ ತಪ್ಪು ಮಾಡುತ್ತಾಳೆ, ಆದರೆ ಆ ತಪ್ಪಿಗೆ ಕಾರಣ ಬೆನ್ನಲ್ಲ. 1955ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ 1967ರ ಜ್ಞಾನಪೀಠವನ್ನೂ ತಂದ ಕಾವ್ಯದಲ್ಲಿ ಗೂನುಬೆನ್ನಿನ ದಾಸಿಗೆ ದೊರೆತ ಈ ನ್ಯಾಯ ಸಣ್ಣದಲ್ಲ.

ತಾಳವಾಡಿಯ ಜನಕ್ಕೆ ಇನ್ನೂ ಹತ್ತಿರದ ಉದಾಹರಣೆ ನೆರೆಯ ಚಾಮರಾಜನಗರ ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ. ಬಸವಣ್ಣನವರ ಕಲ್ಯಾಣದ ಕಥೆಯೊಳಕ್ಕೆ ಈ ಹಾಡುಗಾರರು ತಮ್ಮ ಗುರುವನ್ನು ಕರೆತಂದರು. ಆತ ಬರುವುದು ಕೀವು ಸೋರುವ ಕುಷ್ಠರೋಗಿಯಾಗಿ. ಸಮಾನತೆಯನ್ನು ಸಾರಿದ ಊರೇ ಆ ದೇಹವನ್ನು ಕಂಡು ಹಿಂಜರಿಯುತ್ತದೆ; ಪರೀಕ್ಷೆಗೊಳಗಾಗುವವರು ಶರಣರು, ರೋಗಿಯಲ್ಲ.

ಇಷ್ಟಾದರೂ ಇಲ್ಲೊಂದು ತೊಡಕುಂಟು. ಮಂಟೇಸ್ವಾಮಿ ಕೊನೆಗೆ ಪರಂಜ್ಯೋತಿ. ಕುಷ್ಠ ಅವನ ವೇಷ, ಬದುಕಲ್ಲ. ತಾಳವಾಡಿ ಸೀಮೆಯ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಹೇಳುವುದೂ ಶಿವನಿಗೆ ಕಣ್ಣು ಕಿತ್ತುಕೊಟ್ಟು ಅನುಗ್ರಹ ಪಡೆದ ಭಕ್ತನ ಕಥೆಯನ್ನೇ. ಭಕ್ತಿಕಥೆಗೆ ಅದು ಸಹಜ ಮುಕ್ತಾಯ. ಆದರೆ ಊನವು ಕೊನೆಗೆ ಮಾಯವಾಗಲೇಬೇಕು, ಇಲ್ಲವೇ ದಿವ್ಯವಾಗಲೇಬೇಕು ಎಂಬ ನಿರೀಕ್ಷೆ ಎಲ್ಲ ಕಥೆಗಳಿಗೂ ಹರಡಿದರೆ, ಊರುಗೋಲಿನೊಂದಿಗೇ ಶಾಲೆಗೆ ಹೋಗಿ, ಮದುವೆಯಾಗಿ, ಜಗಳವಾಡಿ, ಮುದುಕನಾಗುವ ಮನುಷ್ಯನಿಗೆ ಕಥೆಯಲ್ಲಿ ಜಾಗವೇ ಉಳಿಯದು.

ಹಾಗಾದರೆ ನೋಯಿಸಿದ ಪದವನ್ನು ನೋವುಂಡವರೇ ಎತ್ತಿಕೊಳ್ಳಬಹುದೇ? ಅಮೆರಿಕದ ಲೇಖಕಿ ನ್ಯಾನ್ಸಿ ಮೇರ್ಸ್ 1986ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಮೃದುಪದಗಳನ್ನು ಬದಿಗಿಟ್ಟು ತಮ್ಮನ್ನು ‘ಕ್ರಿಪಲ್’ ಎಂದೇ ಕರೆದುಕೊಂಡರು. ಕನ್ನಡದಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ‘ಹೆಳವ’ ಎಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಬಂದು ಮನೆತನಗಳ ವಂಶಾವಳಿಯನ್ನು ಒಪ್ಪಿಸುವ ಉತ್ತರ ಕರ್ನಾಟಕದ ಸಮುದಾಯ ಅದೇ ಹೆಸರನ್ನು ಹೊತ್ತಿದೆ; ತಮ್ಮ ಮೂಲಪುರುಷ ಕಾಲಿಲ್ಲದವನೆಂಬುದು ಅವರ ಐತಿಹ್ಯ. ಅಲ್ಲಿ ಆ ಪದದೊಡನೆ ಒಂದು ವಿದ್ಯೆ ಇದೆ, ಊರೆಲ್ಲ ಕಾದು ಕೇಳುವ ನೆನಪಿನ ಭಂಡಾರವಿದೆ. ಪದದ ಮುಳ್ಳು ಮೊಂಡಾದುದು ಅದರಿಂದ.

ಆದರೆ ಒಬ್ಬನು ತನ್ನನ್ನು ತಾನು ಕರೆದುಕೊಂಡ ಮಾತು ಇತರರಿಗೆ ಸಿಕ್ಕ ಪರವಾನಗಿಯಲ್ಲ. ಈ ಭೇದವನ್ನೇ ಹೋಲುವ ವಿವೇಚನೆಯನ್ನು ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಮಾಡಿತು. ‘ಆಂಖ್ ಮಿಚೋಲಿ’ ಚಿತ್ರವನ್ನು ಕುರಿತ ಆ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠವು ಅಂಗವಿಕಲರನ್ನು ಕುಗ್ಗಿಸುವ ಹಾಸ್ಯವೇ ಬೇರೆ, ಅಂಗವೈಕಲ್ಯದ ಅನುಭವವನ್ನು ತಿಳಿಸಿಕೊಡುವ ಹಾಸ್ಯವೇ ಬೇರೆ ಎಂದಿತು. ಹೀನಾರ್ಥದ ಪದಗಳನ್ನು ಬಿಡಬೇಕು, ಅಂಗವಿಕಲರನ್ನು ಚಿತ್ರಿಸುವಾಗ ಅವರನ್ನೇ ಒಳಗೊಳ್ಳಬೇಕು ಎಂಬುದು ಅದರ ಸೂಚನೆಗಳ ಸಾರ.

1995ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾನೂನು 21ನ್ನು ಗುರುತಿಸಿದೆ. ಕುಷ್ಠದಿಂದ ಗುಣ ಹೊಂದಿದವರೂ ಅದರಲ್ಲಿದ್ದಾರೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಿಧಿಗಳನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಕಾನೂನು ಇಷ್ಟು ದೂರ ನಡೆದಿದೆ. ಉಳಿದ ದಾರಿ ಕಥೆಯದು. ತಾಳವಾಡಿಯ ಕನ್ನಡ ಶಾಲೆಗಳಲ್ಲಿ ರಾಮಾಯಣದ ನಾಟಕ ಕಟ್ಟುವಾಗ ಮಂಥರೆಯ ಪಾತ್ರಕ್ಕೆ ದಿಂಬು ಕಟ್ಟಿ ನಗೆ ಹುಟ್ಟಿಸುವ ಬದಲು, ಅವಳ ಮಾತನ್ನು ಹೇಗೆ ಬರೆಯಬೇಕೆಂದು ಮಕ್ಕಳನ್ನೇ ಕೇಳಬಹುದು. ಓಣಿಯ ಬೈಗುಳವನ್ನು ದಿನವೂ ಕೇಳುವ ಮಗು ಆ ತರಗತಿಯಲ್ಲಿದ್ದರೆ, ಬರೆಯುವ ಮೊದಲ ಹಕ್ಕು ಅದರದು. ಆ ಬರಹದಲ್ಲಿ ‘ಗೂನಿ’ ಎಂಬ ಪದ ಇರಬೇಕೇ ಬೇಡವೇ ಎಂಬುದನ್ನೂ ಅದೇ ತೀರ್ಮಾನಿಸಲಿ.