ಪರವಾನಗಿ ಬೇಡದ ಕೋವಿಗಳು

ಚುನಾವಣೆ ಘೋಷಣೆಯಾದ ವಾರ ಮಲೆನಾಡಿನ ಠಾಣೆಗಳಲ್ಲಿ ಗೋಣಿಚೀಲ ಸುತ್ತಿದ ಕೋವಿ ಹಿಡಿದುಕೊಂಡು ಬೆಳೆಗಾರರು ಸಾಲಾಗಿ ಕೂತಿರುತ್ತಾರೆ. ಬರವಣಿಗೆಯ ಪೇದೆ ಲೈಸೆನ್ಸ್ ಪುಸ್ತಕ ತೆರೆದು ನಳಿಗೆಯ ಮೇಲಿನ ನಂಬರ್ ಹೊಂದಿಸಿ ನೋಡುತ್ತಾನೆ, ಹಿಡಿಗೆ ಚೀಟಿ ಕಟ್ಟುತ್ತಾನೆ, ರಸೀದಿ ಹರಿದುಕೊಡುತ್ತಾನೆ. ಫಲಿತಾಂಶ ಬಂದು ಎಲ್ಲ ತಣ್ಣಗಾಗುವ ತನಕ ಗದ್ದೆಗೆ ಹಂದಿ ನುಗ್ಗಿದರೆ ಪಟಾಕಿ ಹೊಡೆಯುವುದು, ಡಬ್ಬ ಬಡಿಯುವುದು. ಕೊಡುವವನು ಆ ಕೋವಿಗಾಗಿ ವರ್ಷಗಟ್ಟಲೆ ಕಚೇರಿ ಸುತ್ತಿರುತ್ತಾನೆ. ಪಕ್ಕದಲ್ಲೇ ರೈಫಲ್ ಹಿಡಿದು ನಿಂತ ಸೆಂಟ್ರಿಗೆ ಯಾವ ಲೈಸೆನ್ಸೂ ಬೇಕಿಲ್ಲ. ಯಾಕೆ ಬೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನೂರಅರವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ದಾರಿಯಲ್ಲಿ ಕೊಡಗೂ ಸಿಗುತ್ತದೆ.

1857ರ ದಂಗೆ ಅಡಗಿದ ಮೇಲೆ ಬ್ರಿಟಿಷರಿಗೆ ಕಂಡ ಮೊದಲ ಕೆಲಸ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವುದು. 1860ರ 31ನೇ ಕಾಯ್ದೆ ಆಯುಧದ ತಯಾರಿಕೆ, ಮಾರಾಟ, ಬಳಕೆಗೆ ಕಟ್ಟು ಹಾಕಿತು. ಬೇಕೆಂದ ಕಡೆ ಊರಿಗೆ ಊರನ್ನೇ ನಿಶ್ಶಸ್ತ್ರಗೊಳಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ಆದರೆ ಎಲ್ಲರನ್ನೂ ಒಂದೇ ಸಮ ಅನುಮಾನಿಸಿ ರಾಜ್ಯಭಾರ ಮಾಡಲಾಗದು. ನಂಬಿಕಸ್ಥರ ಪಟ್ಟಿಯೊಂದು ಬೇಕಿತ್ತು.

ಆ ಪಟ್ಟಿಯಲ್ಲಿ ಬೇಗನೆ ಸೇರಿದವರು ಕೊಡವರು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿಗೆ ಹೆಸರು ಬಿಟ್ಟುಹೋದ ಅದೇ ಕಬ್ಬನ್, 1861ರ ಫೆಬ್ರವರಿಯಲ್ಲಿ ಪ್ರಕಟಣೆ ಹೊರಡಿಸಿ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಅಧಿಕಾರ ಬಿಟ್ಟು ಊರಿಗೆ ಹೊರಟವನು ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡ. ಆ ಪ್ರಕಟಣೆ ಅವನು ಹೋಗುವ ಮುನ್ನ ಮಾಡಿದ ಕೊನೆಯ ಕೆಲಸಗಳಲ್ಲೊಂದು. ಕಾರಣ ಬರೀ ಶೌರ್ಯದ ಮೆಚ್ಚುಗೆಯಲ್ಲ. 1837ರಲ್ಲಿ ಅಮರಸುಳ್ಯದಿಂದ ಎದ್ದ ರೈತ ದಂಗೆಯನ್ನು ಅಡಗಿಸುವಾಗ ಕೊಡಗಿನ ದಿವಾನರೂ ಅವರ ಕಡೆಯವರೂ ಕಂಪನಿಯ ಜೊತೆ ನಿಂತಿದ್ದರು. ಕಂಪನಿ ಅದಕ್ಕಾಗಿಯೇ ಪದಕ ಹೊಡೆಸಿ ಹಂಚಿತ್ತು. ಅದೇ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ನೇಣಿಗೆ ಹಾಕಲಾಯಿತು. ಕೊಡಗಿನ ಕೋವಿಯ ಕಥೆ ಹೇಳುವಾಗ ಈ ಭಾಗವನ್ನು ಮೆಲ್ಲಗೆ ದಾಟಿಬಿಡುವವರೇ ಹೆಚ್ಚು.

ಕಬ್ಬನ್ನನ ಪ್ರಕಟಣೆಯಾದ ಮರುತಿಂಗಳು, 1861ರ ಮಾರ್ಚ್‌ನಲ್ಲಿ, ಪೊಲೀಸ್ ಕಾಯ್ದೆ ಜಾರಿಗೆ ಬಂತು. ಅದಕ್ಕೆ ಮೇಲ್ಪಂಕ್ತಿ ಲಂಡನ್ನಿನ ನಿರಾಯುಧ ಪೊಲೀಸನಲ್ಲ, ಐರ್ಲೆಂಡಿನ ಸಶಸ್ತ್ರ ಪಡೆ. ಆಳಿಸಿಕೊಳ್ಳುವ ಜನರನ್ನು ಹದ್ದಿನಲ್ಲಿಡುವುದೇ ಆ ಪಡೆಯ ಮುಖ್ಯ ಕೆಲಸವಾಗಿತ್ತು.

ಹಾಗೆಂದು ಸರ್ಕಾರ ತನ್ನ ಪೊಲೀಸನನ್ನೂ ಪೂರ್ತಿ ನಂಬಲಿಲ್ಲ. ಇದಕ್ಕೆ ಸಾಕ್ಷಿ ಹಳೇ ಪೊಲೀಸರು ಮಸ್ಕೆಟ್ ಎಂದು ಕರೆಯುತ್ತಿದ್ದ .410 ಕೋವಿ. ಅದರ ಮೂಲ ಸೈನ್ಯದ .303 ಲೀ ಎನ್‌ಫೀಲ್ಡ್ ರೈಫಲ್. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಅದನ್ನು ಒಂದೇ ಗುಂಡಿನ ನಯ ನಳಿಗೆಯ ಕೋವಿಯಾಗಿ ಮಾರ್ಪಡಿಸಿದರು. ಹತ್ತು ಗುಂಡು ಹಿಡಿಯುತ್ತಿದ್ದ ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ಕೂರಿಸಿದರು. ಪೇದೆ ಪ್ರತಿ ಸಲವೂ ಬೋಲ್ಟ್ ಎಳೆದು ಒಂದೊಂದೇ ತೋಟಾ ತುಂಬಬೇಕು, ಗುಂಡು ದೂರಕ್ಕೂ ಹೋಗದು. ಕೋವಿ ಬೇರೆಯವರ ಕೈಸೇರಿದರೂ, ಪೇದೆಯೇ ತಿರುಗಿಬಿದ್ದರೂ ಹೆಚ್ಚು ಹಾನಿಯಾಗದಿರಲಿ ಎಂಬ ಲೆಕ್ಕಾಚಾರ. ಸಮವಸ್ತ್ರ ತೊಡಿಸಿದವರೇ ಕೋವಿಗೆ ಮರದ ಬೆಣೆ ಹೊಡೆದು ಕೊಟ್ಟಿದ್ದರು.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆ ಇಡೀ ವ್ಯವಸ್ಥೆಯನ್ನು ಗಟ್ಟಿ ಮಾಡಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ ಕಾಯ್ದೆಯೂ ಅದೇ ವರ್ಷದ್ದು. 1887ರ ಮದ್ರಾಸ್ ಅಧಿವೇಶನದಲ್ಲೇ ಕಾಂಗ್ರೆಸ್ ಶಸ್ತ್ರಾಸ್ತ್ರ ಕಾಯ್ದೆಯ ವಿರುದ್ಧ ನಿರ್ಣಯ ಮಾಡಿತು. ಅಹಿಂಸೆಯ ಗಾಂಧಿ ಕೂಡ 1918ರಲ್ಲಿ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯ್ದೆಯನ್ನು ಬ್ರಿಟಿಷರ ಅತಿ ಕರಾಳ ಕೃತ್ಯಗಳ ಸಾಲಿಗೆ ಸೇರಿಸಿದ್ದರು. ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯವಂತೂ ನಿಯಮಕ್ಕೊಳಪಟ್ಟು ಆಯುಧ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಬರೆದಿತ್ತು.

ಸ್ವಾತಂತ್ರ್ಯ ಬಂತು, ಹಕ್ಕು ಬರಲಿಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎದ್ದುನಿಂತು ಕರಾಚಿಯ ಮಾತನ್ನು ನೆನಪಿಸಿದವರು ಎಚ್.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ನೌಕರಿಗೆ ರಾಜೀನಾಮೆ ಕೊಟ್ಟು ಬಂದವರು. ಆಯುಧ ಹೊಂದುವ ಹಕ್ಕನ್ನು ಸೇರಿಸಿ ಎಂಬ ಅವರ ತಿದ್ದುಪಡಿಯನ್ನು ಅಂಬೇಡ್ಕರ್ ಒಪ್ಪಲಿಲ್ಲ. ಈಗ ಒತ್ತಿ ಹೇಳಬೇಕಾದ್ದು ವ್ಯಕ್ತಿಯ ಶಸ್ತ್ರದ ಹಕ್ಕನ್ನಲ್ಲ, ದೇಶಕ್ಕೆ ಅಪಾಯ ಬಂದಾಗ ಶಸ್ತ್ರ ಹಿಡಿಯುವ ಕರ್ತವ್ಯವನ್ನು ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ಶಾಂತಿಯುತವಾಗಿ, ನಿರಾಯುಧರಾಗಿ ಎಂಬ ಷರತ್ತು ಹಾಕಿಯೇ ಕೊಟ್ಟಿದೆ.

ಹೊಸ ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಬಂದು 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಮೂರನೇ ಸೆಕ್ಷನ್ ಪ್ರಕಾರ ಕೋವಿಗೆ ಲೈಸೆನ್ಸ್ ಕಡ್ಡಾಯ. ಪೊಲೀಸರಿಗೆ ಅದು ಬೇಡ ಎನ್ನುವುದು 45ನೇ ಸೆಕ್ಷನ್. ಅದನ್ನು ನಿಧಾನವಾಗಿ ಓದಬೇಕು: ಸರ್ಕಾರಿ ನೌಕರ ತನ್ನ ಕರ್ತವ್ಯದ ಭಾಗವಾಗಿ ಹೊಂದಿದ ಆಯುಧಕ್ಕೆ ಮಾತ್ರ ಕಾಯ್ದೆ ಅನ್ವಯಿಸದು. ಡ್ಯೂಟಿ ಮುಗಿದ ಮೇಲೆ ರೈಫಲ್ ಶಸ್ತ್ರಾಗಾರಕ್ಕೆ ವಾಪಸ್, ಗುಂಡಿನ ಲೆಕ್ಕ ಪುಸ್ತಕಕ್ಕೆ. ಇನ್‌ಸ್ಪೆಕ್ಟರಿಗೆ ಸ್ವಂತದ ಪಿಸ್ತೂಲು ಬೇಕೆಂದರೆ ಅವರೂ ಅರ್ಜಿ ಹಾಕಬೇಕು. ಗುಂಡು ಹಾರಿಸಿದ್ದು ಆತ್ಮರಕ್ಷಣೆಗಾಗಿ ಎಂದು ಪೊಲೀಸ್ ಹೇಳಿದಾಗ ಆಧಾರವಾಗುವ ಕಲಮುಗಳೂ ಗದ್ದೆಯ ರೈತನಿಗಿರುವ ಕಲಮುಗಳೇ.

ಕರ್ತವ್ಯಕ್ಕೆ ಮಾತ್ರ ಎಂಬ ಈ ಮಿತಿಯನ್ನು ಅಮೆರಿಕ ತಿರುವುಮುರುವು ಮಾಡಿದೆ. 2004ರಲ್ಲಿ ಬುಷ್ ಸಹಿ ಹಾಕಿದ ಕಾನೂನು, ಡ್ಯೂಟಿಯಲ್ಲಿಲ್ಲದ ಪೊಲೀಸರಷ್ಟೇ ಅಲ್ಲ, ಅರ್ಹ ನಿವೃತ್ತರೂ ಯಾವ ರಾಜ್ಯದಲ್ಲಾದರೂ ಬಚ್ಚಿಟ್ಟ ಪಿಸ್ತೂಲಿನೊಂದಿಗೆ ತಿರುಗಾಡಬಹುದು ಎಂದಿತು. ಪಕ್ಕದ ರಾಜ್ಯದ ಗಡಿ ದಾಟಿದರೆ ಸಾಮಾನ್ಯ ನಾಗರಿಕನ ಅನುಮತಿಗೆ ಬೆಲೆ ಇರುತ್ತದೆಂಬ ಖಾತ್ರಿಯಿಲ್ಲ. ಶಸ್ತ್ರವನ್ನು ಎಲ್ಲರ ಹಕ್ಕೆಂದು ಸಂವಿಧಾನದಲ್ಲಿ ಬರೆದುಕೊಂಡ ದೇಶ ಪೊಲೀಸನಿಗೆ ಬೇರೆ ಪಂಕ್ತಿ ಹಾಕಿ ಬಡಿಸಿದೆ.

ಇಲ್ಲಿ ಕೊಡಗಿನ ವಿನಾಯಿತಿ ಮುಂದುವರಿದದ್ದು 1959ರ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ. 1963ರ ಕೇಂದ್ರದ ಅಧಿಸೂಚನೆ ಎರಡು ವರ್ಗಗಳನ್ನು ಹೆಸರಿಸಿತು: ಕೊಡವ ಜನಾಂಗದವರು, ಮತ್ತು ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರು. ಜಮ್ಮಾ ಭೂಮಿ ಇರುವ ಅರೆಭಾಷೆ ಗೌಡರಿಗೂ ಇತರರಿಗೂ ಹೀಗೆ ಅವಕಾಶ ಸಿಕ್ಕಿತು. ಅಲ್ಲಿ ಕೋವಿ ಮನೆಯ ಸದಸ್ಯನಿದ್ದಂತೆ. ಕೈಲ್ ಪೊಳ್ದ್ ಹಬ್ಬದಂದು ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ, ಮಧ್ಯಾಹ್ನ ಕಡಂಬಿಟ್ಟು ಪಂದಿಕರಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಸಾವಾದರೆ ಎರಡು ಗುಂಡು. ಸದ್ದು ಕೇಳಿದೊಡನೆ ನೆರೆಯವರಿಗೆ ಸುದ್ದಿ ತಲುಪುತ್ತದೆ. ಇದನ್ನೆಲ್ಲ ಬಲ್ಲವರಿಗೆ ಆ ವಿನಾಯಿತಿ ಕಿತ್ತುಕೊಳ್ಳಿ ಎನ್ನಲು ಬಾಯಿ ಬಾರದು, ನನಗೂ ಬಾರದು. ಆದರೂ ಹುಟ್ಟನ್ನೂ ಭೂಮಿಯನ್ನೂ ನೋಡಿ ಕೊಟ್ಟ ವಿನಾಯಿತಿ ಸಮಾನತೆಗೆ ಹೊಂದುತ್ತದೆಯೇ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಪೊಲೀಸರ ವಿಷಯದಲ್ಲಿ ನನ್ನ ತಕರಾರು ಕೋವಿಯ ಬಗ್ಗೆ ಅಲ್ಲ. ದರೋಡೆಕೋರನ ಬೆನ್ನು ಹತ್ತುವವನ ಕೈಗೆ ಲಾಠಿ ಮಾತ್ರ ಕೊಟ್ಟು ಕಳಿಸಲಾಗದು. ತಕರಾರು ಇರುವುದು, ಕೋವಿ ಯಾರಿಗೆ ಬೇಕು ಎಂದು ಹೇಳುವವರೂ ಅವರೇ ಆಗಿರುವುದರಲ್ಲಿ. ಲೈಸೆನ್ಸ್ ಅರ್ಜಿಗೆ ಠಾಣೆಯ ವರದಿ ಬೇಕು. ಬೆಂಗಳೂರಿನಲ್ಲಾದರೆ ಲೈಸೆನ್ಸ್ ಕೊಡುವ ಅಧಿಕಾರಿಯೇ ಪೊಲೀಸ್ ಕಮಿಷನರ್. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ನಾಗರಿಕನ ಲೆಕ್ಕ ಹೀಗೆ ಬಿಗಿಯಾಗುತ್ತಲೇ ಇದೆ.

ಆ ಕಡೆಯ ಲೆಕ್ಕವೋ? ಎನ್‌ಕೌಂಟರ್ ಆದರೆ ಸ್ವತಂತ್ರ ತನಿಖೆ ನಡೆಯಬೇಕು, ಪೊಲೀಸರು ತಮ್ಮ ಆಯುಧಗಳನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸ್ ಗುಂಡಿಗೆ ಸತ್ತಾಗ ಜನ ಹೂಮಳೆಗರೆದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ ಎಂದು ವರದಿ ಕೊಟ್ಟು, ಹತ್ತು ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಗುರಿಪಡಿಸಲು ಶಿಫಾರಸು ಮಾಡಿತು. ಹೂವು ಎರಚಿದವರಲ್ಲಿ ಎಷ್ಟು ಮಂದಿ ಆ ವರದಿ ಓದಿದರೋ.

ಹಾಗಾಗಿ ಪೊಲೀಸರಿಗೆ ಕರ್ತವ್ಯದ ಕೋವಿ ಇರಲಿ, ಅಮೆರಿಕದಂತೆ ಮನೆವರೆಗೂ ನಿವೃತ್ತಿಯವರೆಗೂ ಹಬ್ಬುವ ಹಕ್ಕು ಬೇಡ. ಹಾರಿಸಿದ ಪ್ರತಿ ಗುಂಡಿನ ತನಿಖೆ ಅದೇ ಠಾಣೆಯವರ ಕೈಗೂ ಹೋಗಬಾರದು. ಕೊಡವರ ವಿನಾಯಿತಿಯನ್ನಾದರೂ ಕೇಂದ್ರ ಆಗಾಗ ತೆಗೆದು ನೋಡಲೇಬೇಕು: 2019ರ ಅಧಿಸೂಚನೆಯ ಪ್ರಕಾರ ಅದರ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. 45ನೇ ಸೆಕ್ಷನ್‌ಗೆ ಅಂಥ ಗಡುವು ಇಲ್ಲ.